ಒಂದು ಹಿಡಿ ಅಕ್ಕಿ ಮತ್ತು ಅರಸೊತ್ತಿಗೆ

ಅರಾಜಕತೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕಲ್ಲುತೂರಾಟ, ಬೆಂಕಿ, ಕೊಲೆ. ಆದರೆ ‘ಅರಸನಾದರೂ ಏಕೆ ಬೇಕು?’ ಎಂದು ಸಮಾಧಾನದಿಂದ ಕೇಳಿದವರೂ ಲೋಕದಲ್ಲಿ ಆಗಿಹೋಗಿದ್ದಾರೆ. ಹದಿನೆಂಟನೆಯ ಶತಮಾನದ ಜಪಾನಿನ ಆಂದೋ ಶೋಎಕಿ ಅಂಥವನೊಬ್ಬ. ಹಾಚಿನೊಹೆ ಎಂಬ ಊರಿನಲ್ಲಿ ವೈದ್ಯನಾಗಿದ್ದ ಈತ, ಉಳುವುದೇ ನಿಸರ್ಗದ ಧರ್ಮವೆಂದ. ಉಳದೆ ಉಣ್ಣುವ ಪ್ರಭುಗಳನ್ನೂ ಅವರಿಗೆ ಶಾಸ್ತ್ರದ ಬಲ ಕೊಟ್ಟ ಜ್ಞಾನಿಗಳನ್ನೂ ಕಳ್ಳರ ಸಾಲಿನಲ್ಲಿ ನಿಲ್ಲಿಸಿದ. ಮರೆತುಹೋಗಿದ್ದ ಆತನ ಹಸ್ತಪ್ರತಿ 1899ರ ಸುಮಾರಿಗೆ ಕಾನೊ ಕೋಕಿಚಿ ಎಂಬ ವಿದ್ವಾಂಸನಿಗೆ ದೊರೆಯಿತು. 1923ರ ಭೂಕಂಪದ ಬೆಂಕಿಯಲ್ಲಿ ಅದರ ಬಹುಭಾಗ ಸುಟ್ಟುಹೋಯಿತು. ಅದೇ 1923ರಲ್ಲಿ, ಧಾರವಾಡದಲ್ಲಿ ಹುಟ್ಟಿ ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ ಪ್ರಕಟವಾಯಿತು. ಅಲ್ಲಿ ಬೂದಿ, ಇಲ್ಲಿ ಬೆಳಕು.

ಶರಣರನ್ನು ಅರಾಜಕವಾದಿಗಳೆನ್ನುವುದು ಸಲ್ಲದು. ಬಸವಣ್ಣನವರೇ ಬಿಜ್ಜಳನ ಭಂಡಾರಿಗಳಾಗಿದ್ದರು. ಆದರೂ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ನನಗೆ ಶೋಎಕಿಯನ್ನು ನೆನಪಿಸುತ್ತದೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಆತ ನಿತ್ಯಕ್ಕಿಂತ ಹೆಚ್ಚು ತಂದ. ಇಷ್ಟೊಂದು ಆಸೆ ಅರಸರಿಗೆ ಸಲ್ಲುವುದು, ಭಕ್ತರಿಗಲ್ಲ ಎಂಬುದು ಲಕ್ಕಮ್ಮನ ನಿಲುವು. ಹೆಚ್ಚಿನ ಅಕ್ಕಿಯನ್ನು ಮರಳಿ ಅಲ್ಲಿಯೇ ಸುರಿದು ಬರಲು ಹೇಳಿದಳು.

ಧಾರವಾಡದ ನನ್ನ ತರಗತಿಯಲ್ಲಿ ಹುಬ್ಬಳ್ಳಿಯ ಹುಡುಗನೊಬ್ಬ ಕೇಳಿದ: “ಅಕ್ಕಿ ತಿರುಗಿ ಹಾಕಿದ್ರ ಅರಸಗ ಏನ್ ನಷ್ಟರೀ ಸರ?” ನ್ಯಾಯವಾದ ಪ್ರಶ್ನೆ. ಅರಸನ ಕಣಜದಲ್ಲಿ ಒಂದು ಕಾಳೂ ಕಡಿಮೆಯಾಗುವುದಿಲ್ಲ, ನಿಜ. ಆದರೆ ಅರಸೊತ್ತಿಗೆ ನಿಲ್ಲುವುದು ಕತ್ತಿಯ ಬಲವೊಂದರಿಂದಲೇ ಅಲ್ಲ. ಇನ್ನಷ್ಟು ಸಿಕ್ಕೀತೆಂದು ಕೈಚಾಚಿ ನಿಂತವರಿಂದಲೂ. ಹೆಚ್ಚು ಬೇಡವೆಂದವನನ್ನು ಕೊಳ್ಳುವುದು ಹೇಗೆ?

ಇವರಿಬ್ಬರ ದಾರಿ ಒಂದೇ ಅಲ್ಲ. ಶೋಎಕಿಯ ಲೆಕ್ಕದಲ್ಲಿ ಪಾಠ ಹೇಳಿ ಸಂಬಳ ಎಣಿಸುವ ನನ್ನಂಥವನು ಉಳದೆ ಉಣ್ಣುವವನೇ. ಆ ಮಾತಿನ ಮೊನೆ ಚುಚ್ಚುತ್ತದೆ, ಚುಚ್ಚಬೇಕು ಕೂಡ. ಆದರೆ ಹೊಲವೊಂದನ್ನೇ ದುಡಿಮೆಯೆಂದರೆ ಹಗ್ಗ ಹೊಸೆದ ನುಲಿಯ ಚಂದಯ್ಯ, ಬಟ್ಟೆ ಒಗೆದ ಮಡಿವಾಳ ಮಾಚಯ್ಯ ಎಲ್ಲಿ ನಿಲ್ಲಬೇಕು? ಶರಣರು ಎಲ್ಲ ಕಾಯಕಕ್ಕೂ ಮಣೆ ಹಾಕಿದರು. ಹಾಗೆಂದು ನಮಗೆ ಬಿಡುಗಡೆಯಿಲ್ಲ. ಏನು ಮಾಡುತ್ತೀ ಎಂದು ಕೇಳಿ ಲಕ್ಕಮ್ಮ ಸುಮ್ಮನಾಗುವವಳಲ್ಲ. ಎಷ್ಟು ತಂದೆ ಎಂದೂ ಕೇಳುತ್ತಾಳೆ.

ಅರಸರು ಹೋಗಿ ಪ್ರಜೆಗಳ ರಾಜ್ಯ ಬಂದಿದೆ. ಆದರೂ ಮನೆಯ ಮೇಲೆ ಮನೆ, ನಿವೇಶನದ ಮೇಲೆ ನಿವೇಶನ ಕೂಡಿಡುವ ನಮ್ಮೊಳಗೆ ಆ ಅರಸ ಸುಖವಾಗಿಯೇ ಇದ್ದಾನೆ. ಅವನನ್ನು ಇಳಿಸುವ ಕೆಲಸ ಯಾವ ಚುನಾವಣೆಯಿಂದಲೂ ಆಗುವಂಥದಲ್ಲ. ಅದು ನಮ್ಮ ನಮ್ಮ ಮನೆಯಲ್ಲಿ, ಅಕ್ಕಿಯ ಡಬ್ಬಿಯ ಮುಂದೆಯೇ ಆಗಬೇಕು.