ಆರಿಸುವವರಿಲ್ಲದ ಆಯ್ಕೆ

ಯಕೃತ್ತಿನಲ್ಲಿ ಹುಟ್ಟಿದ ಕ್ಯಾನ್ಸರ್ ಅದರಾಚೆ ಹರಡುವಾಗ ಮೈಯೆಲ್ಲ ಸಮನಾಗಿ ಹರಡುವುದಿಲ್ಲ. ಅದು ಅತಿ ಹೆಚ್ಚಾಗಿ ಕಾಣಿಸಿಕೊಳ್ಳುವುದು ಶ್ವಾಸಕೋಶದಲ್ಲಿ. ಆಮೇಲೆ ಹೊಟ್ಟೆಯ ದುಗ್ಧಗ್ರಂಥಿಗಳು, ಮೂಳೆಗಳು, ಅದರಲ್ಲೂ ಬೆನ್ನುಮೂಳೆ, ಮತ್ತು ಮೂತ್ರಪಿಂಡದ ತಲೆಯ ಮೇಲೆ ಕೂತ ಅಡ್ರಿನಲ್ ಗ್ರಂಥಿ. ಮಿದುಳಿಗೆ ಹೋಗುವುದು ಅಪರೂಪ. ಇದನ್ನು ವಿವರಿಸುವವರು ಸಲೀಸಾಗಿ ಕೆಲವು ಮಾತು ಬಳಸುತ್ತಾರೆ: ಈ ಕ್ಯಾನ್ಸರಿಗೆ ಶ್ವಾಸಕೋಶದ ಕಡೆ ಒಲವು, ಅದು ಮೂಳೆಯನ್ನು ಆರಿಸಿಕೊಳ್ಳುತ್ತದೆ, ಅಲ್ಲಿ ನೆಲೆ ಹುಡುಕುತ್ತದೆ. ಜೀವಕೋಶಕ್ಕೆ ಮನಸ್ಸಿಲ್ಲ, ಇಚ್ಛೆಯಿಲ್ಲ. ಹಾಗಿದ್ದರೆ ಈ ಒಲವು ಯಾರದು?

ಅತಿ ಸರಳವಾದ ಉತ್ತರ ದಾರಿಯದು. ಯಕೃತ್ತಿನಿಂದ ಹೊರಡುವ ರಕ್ತ ಮಹಾಸಿರೆಯನ್ನು ಸೇರಿ, ಹೃದಯದ ಬಲಭಾಗ ದಾಟಿ, ನೇರ ಶ್ವಾಸಕೋಶಕ್ಕೆ ಬರುತ್ತದೆ. ಅಲ್ಲಿನ ಲೋಮನಾಳಗಳು ಬಹುಪಾಲು ಕ್ಯಾನ್ಸರ್ ಕೋಶಗಳಿಗಿಂತ ಕಿರಿದು. ಮೊದಲು ಸಿಗುವ ಜರಡಿಯೇ ಅದು. 1928ರಲ್ಲಿ ಅಮೆರಿಕದ ರೋಗಶಾಸ್ತ್ರಜ್ಞ ಜೇಮ್ಸ್ ಯೂಯಿಂಗ್ ಹರಡುವಿಕೆಯನ್ನು ವಿವರಿಸಲು ರಕ್ತದ ಹರಿವು ಮತ್ತು ದೇಹರಚನೆ ಸಾಕು ಎಂದು ವಾದಿಸಿದ. 1940ರಲ್ಲಿ ಆಸ್ಕರ್ ಬ್ಯಾಟ್ಸನ್ ಬೆನ್ನುಮೂಳೆಯ ಸುತ್ತಲಿನ ಕವಾಟಗಳಿಲ್ಲದ ಸಿರೆಗಳ ಜಾಲದ ಮಹತ್ವವನ್ನು ತೋರಿಸಿದ ಮೇಲೆ, ಬೆನ್ನುಮೂಳೆಗೂ ಒಂದು ದಾರಿ ಸಿಕ್ಕಿದಂತಾಯಿತು. ಈ ಲೆಕ್ಕದಲ್ಲಿ ಒಲವು ಎಂಬ ಮಾತೇ ಅನಗತ್ಯ.

ಆದರೆ ಸಾಗಿಸಿದ್ದನ್ನು ಕಾರಣವೆನ್ನಬಹುದೇ? ಭಾರತೀಯ ತರ್ಕಪರಂಪರೆಯಾದ ನ್ಯಾಯದರ್ಶನದಲ್ಲಿ ಈ ಪ್ರಶ್ನೆಗೆ ಹೆಸರಾದ ಒಂದು ಉದಾಹರಣೆಯಿದೆ. ಕುಂಬಾರನ ಮನೆಗೆ ಮಣ್ಣು ಹೊತ್ತು ತಂದ ಕತ್ತೆ ಮಡಕೆಗೆ ಕಾರಣವಲ್ಲ, ಅದು ‘ಅನ್ಯಥಾಸಿದ್ಧ’. ಈ ಮಡಕೆಯ ಮಣ್ಣನ್ನು ತಂದದ್ದು ಆ ಕತ್ತೆಯೇ ಇರಬಹುದು, ಆದರೆ ಕತ್ತೆಯಿಲ್ಲದೆಯೂ ಮಡಕೆಗಳಾಗುತ್ತವೆ. ರಕ್ತದ ಹರಿವು ಈ ಕತ್ತೆಯಂತೆಯೋ? ಉತ್ತರ ಕೇಳಿದ ಪ್ರಶ್ನೆಯ ಮೇಲೆ ನಿಂತಿದೆ. ಮಡಕೆ ಯಾಕಾಯಿತು ಎಂದು ಕೇಳಿದರೆ ಕತ್ತೆಯನ್ನು ಬಿಡಬಹುದು. ಮಡಕೆ ಈ ಊರಿನಲ್ಲೇ ಯಾಕಾಯಿತು ಎಂದು ಕೇಳಿದರೆ ಕತ್ತೆ ನಡೆದ ದಾರಿ ಮತ್ತೆ ಲೆಕ್ಕಕ್ಕೆ ಬರುತ್ತದೆ. ಯೂಯಿಂಗ್‌ನ ವಾದದ ಬಲ ಅಲ್ಲಿದೆ. ಮಣ್ಣು ಬಂದಲ್ಲೆಲ್ಲ ಮಡಕೆ ಆಗಿಬಿಡುತ್ತದೆ ಎಂದು ಭಾವಿಸಿದ್ದು ಅದರ ದೋಷ.

ಆ ದೋಷ ಯೂಯಿಂಗ್‌ಗಿಂತ ಮುಂಚೆಯೇ ಬಯಲಾಗಿತ್ತು. 1889ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ ಸ್ತನ ಕ್ಯಾನ್ಸರಿನಿಂದ ಸತ್ತ 735 ಮಂದಿಯ ದಾಖಲೆಗಳನ್ನು ಒಟ್ಟುಮಾಡಿ ನೋಡಿದ. 241 ಮಂದಿಯಲ್ಲಿ ಯಕೃತ್ತಿಗೆ ಗಡ್ಡೆ ಹರಡಿತ್ತು, ಗುಲ್ಮಕ್ಕೆ ಹರಡಿದ್ದು 17 ಮಂದಿಯಲ್ಲಿ ಮಾತ್ರ. ಗುಲ್ಮಕ್ಕೇನೂ ರಕ್ತದ ಕೊರತೆಯಿಲ್ಲ. ಬೀಜ ಎಲ್ಲ ಕಡೆಗೂ ಹಾರುತ್ತದೆ, ಒಪ್ಪುವ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ ಎಂಬುದು ಪ್ಯಾಜೆಟ್‌ನ ತೀರ್ಮಾನ. ಸುಮಾರು ತೊಂಬತ್ತು ವರ್ಷಗಳ ನಂತರ, 1980ರಲ್ಲಿ, ಹಾರ್ಟ್ ಮತ್ತು ಫಿಡ್ಲರ್ ಇಲಿಗಳ ಸ್ನಾಯುವಿನೊಳಗೆ ಶ್ವಾಸಕೋಶದ ಮತ್ತು ಮೂತ್ರಪಿಂಡದ ತುಣುಕುಗಳನ್ನು ನೆಟ್ಟು, ರಕ್ತಕ್ಕೆ ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ ಕೋಶಗಳನ್ನು ಬಿಟ್ಟರು. ಶ್ವಾಸಕೋಶದ ತುಣುಕು ಜಾಗ ಬದಲಿಸಿದರೂ ಅದರಲ್ಲಿ ಗಡ್ಡೆ ಬೆಳೆಯಿತು. ಮೂತ್ರಪಿಂಡದ ತುಣುಕಿನಲ್ಲಿ ಬೆಳೆಯಲಿಲ್ಲ. 1984ರಲ್ಲಿ ಪ್ರಕಟವಾದ ಟಾರಿನ್ ಮತ್ತು ಸಂಗಡಿಗರ ಅವಲೋಕನ ಇನ್ನೂ ಬೆರಗಿನದು. ಕ್ಯಾನ್ಸರಿನಿಂದ ಹೊಟ್ಟೆಯಲ್ಲಿ ನೀರು ತುಂಬಿದ ರೋಗಿಗಳ ನೋವು ಇಳಿಸಲು ಆ ನೀರನ್ನು ನಳಿಕೆಯ ಮೂಲಕ ರಕ್ತನಾಳಕ್ಕೆ ಹರಿಸಲಾಗುತ್ತಿತ್ತು. ಅದರ ಜೊತೆ ಲಕ್ಷಗಟ್ಟಲೆ ಕ್ಯಾನ್ಸರ್ ಕೋಶಗಳೂ ರಕ್ತಕ್ಕೆ ಸೇರಿದವು. ಆದರೂ ಹಲವರ ಶ್ವಾಸಕೋಶದಲ್ಲಿ ಗಡ್ಡೆ ಬೆಳೆಯಲೇ ಇಲ್ಲ. ತಾರ್ಕಿಕರ ಭಾಷೆಯಲ್ಲಿ ಇದು ಅನ್ವಯ ವ್ಯಭಿಚಾರ: ಕಾರಣವೆಂದುಕೊಂಡದ್ದು ಇದೆ, ಕಾರ್ಯವಿಲ್ಲ.

ಮಣ್ಣು ಒಪ್ಪುವುದೆಂದರೆ ಏನು ಎಂಬುದಕ್ಕೂ ಈಗ ಉತ್ತರಗಳಿವೆ. ಮೂಳೆ ಸವೆಯುವಾಗ ಅದರೊಳಗೆ ಅಡಗಿದ್ದ ಬೆಳವಣಿಗೆಯ ಅಂಶಗಳು ಹೊರಬೀಳುತ್ತವೆ. ಕೆಲವು ಅಂಗಗಳು ಸೂಸುವ ರಾಸಾಯನಿಕ ಸಂಕೇತವನ್ನು ಹಿಡಿಯುವ ಗ್ರಾಹಕಗಳು ಕ್ಯಾನ್ಸರ್ ಕೋಶಗಳ ಮೇಲಿರುತ್ತವೆ. 2015ರಲ್ಲಿ ಡೇವಿಡ್ ಲೈಡನ್ ತಂಡ ಇನ್ನೊಂದು ಸಂಗತಿ ತೋರಿಸಿತು. ಗಡ್ಡೆಗಳು ಎಕ್ಸೋಸೋಮ್ ಎಂಬ ಸೂಕ್ಷ್ಮ ಪೊಟ್ಟಣಗಳನ್ನು ರಕ್ತಕ್ಕೆ ಬಿಡುತ್ತವೆ. ಅವುಗಳ ಮೇಲಿನ ಇಂಟೆಗ್ರಿನ್ ಪ್ರೋಟೀನು ಯಾವ ಬಗೆಯದು ಎಂಬುದರ ಮೇಲೆ ಅವು ಶ್ವಾಸಕೋಶಕ್ಕೋ ಯಕೃತ್ತಿಗೋ ಅಂಟಿಕೊಂಡು, ಕೋಶಗಳು ಬರುವ ಮೊದಲೇ ಅಲ್ಲಿನ ನೆಲ ಹದಗೊಳ್ಳುವಂತೆ ಮಾಡುತ್ತವೆ.

ಉದ್ದೇಶದ ಭಾಷೆಗೆ ಮನಸ್ಸು ಜಾರುವುದು ಇಲ್ಲಿಯೇ. ಮುಂಗಡ ದೂತರು, ಹದಮಾಡಿದ ನೆಲ, ಆಮೇಲೆ ಬರುವ ಬೀಜ: ಯಾರೋ ಯೋಜಿಸಿದಂತಿದೆ. ಜೀವಶಾಸ್ತ್ರ ಇಂಥ ಕಡೆ ಒಂದು ನಡುದಾರಿ ಹಿಡಿಯುತ್ತದೆ. ಕಣ್ಣು ನೋಡುವುದಕ್ಕಾಗಿಯೇ ಇದೆ ಎಂಬ ಮಾತಿಗೆ ಅರ್ಥವಿದೆ, ಏಕೆಂದರೆ ನೋಡಬಲ್ಲ ಪೂರ್ವಿಕರು ಹೆಚ್ಚು ಸಂತಾನ ಬಿಟ್ಟರು; ಯೋಜಕರಿಲ್ಲದ ಈ ಉದ್ದೇಶಕ್ಕೆ 1958ರಲ್ಲಿ ಜೀವಶಾಸ್ತ್ರಜ್ಞ ಪಿಟೆಂಡ್ರಿ ‘ಟೆಲಿಯಾನಮಿ’ ಎಂದು ಹೆಸರಿಟ್ಟ. ಯಕೃತ್ತಿನ ಕ್ಯಾನ್ಸರಿಗೆ ಆ ಆಧಾರವೂ ಇಲ್ಲ. ಅದು ರೋಗಿಯೊಡನೆ ಸಾಯುತ್ತದೆ. ಶ್ವಾಸಕೋಶ ತಲುಪಿ ಗೆದ್ದ ಪೂರ್ವಿಕ ಗಡ್ಡೆಯೊಂದರಿಂದ ಇಂದಿನ ಗಡ್ಡೆ ಆ ಕಲೆಯನ್ನು ಪಡೆದಿಲ್ಲ. ಪ್ರತಿ ದೇಹದಲ್ಲೂ ಕಥೆ ಮೊದಲಿಂದ ಶುರು. ಅದು ಬಳಸುವ ಉಪಕರಣಗಳಿಗೆ ಮಾತ್ರ ಇತಿಹಾಸವಿದೆ: ಮೂಳೆಮಜ್ಜೆಗೆ ದಾರಿ ಹಿಡಿಯುವ ಆಕರಕೋಶ, ಸೋಂಕಿನ ಜಾಗಕ್ಕೆ ಧಾವಿಸುವ ಬಿಳಿರಕ್ತಕಣ, ಗಾಯ ಮುಚ್ಚುವ ಅಂಗಾಂಶ, ಇವೆಲ್ಲ ಬಳಸುವ ಸಂಕೇತಗಳೇ ಅವು. ಉದ್ದೇಶ ಆ ಉಪಕರಣಗಳದು, ಎರವಲು ಪಡೆದ ಕ್ಯಾನ್ಸರಿನದಲ್ಲ.

ಒಲವಿನ ಉಳಿದ ಭಾಗ ಎಣಿಕೆಯ ಫಲ. ಫಿಡ್ಲರ್ 1970ರಲ್ಲಿ ಇಲಿಗಳ ರಕ್ತಕ್ಕೆ ಬಿಟ್ಟ ಮೆಲನೋಮ ಕೋಶಗಳಲ್ಲಿ ಸಾವಿರಕ್ಕೆ ಒಂದೂ ಬದುಕಿ ಉಳಿದು ಗಡ್ಡೆಯಾಗಲಿಲ್ಲ. ಸತ್ತವು ಎಲ್ಲೆಲ್ಲಿ ಸತ್ತವು ಎಂಬುದು ಸ್ಕ್ಯಾನಿನಲ್ಲಿ ಕಾಣದು. ಬದುಕಿದ್ದು ಎಲ್ಲಿ ಎಂಬುದಷ್ಟೇ ಕಾಣುತ್ತದೆ. ಅಳಿದುಳಿದವುಗಳ ನಕ್ಷೆಯನ್ನು ನೋಡಿ ಹೊರಟವುಗಳ ಇಚ್ಛೆಯನ್ನು ಓದುವುದು ತರ್ಕದೋಷ.

ಇಷ್ಟೆಲ್ಲ ಹೇಳಿದ ಮೇಲೂ ರೋಗಿಯ ಪ್ರಶ್ನೆ ಬೇರೆಯೇ: ನನ್ನಲ್ಲಿ ಬೆನ್ನುಮೂಳೆಗೇ ಯಾಕೆ? ಜಗತ್ತಿನ ಕಾರಣವೇನು ಎಂದು ಕೇಳುವ ಶ್ವೇತಾಶ್ವತರ ಉಪನಿಷತ್ತು ಕಾಲ, ಸ್ವಭಾವ, ನಿಯತಿ, ಯದೃಚ್ಛೆಗಳನ್ನು ಸಾಲಾಗಿ ಎದುರಿಟ್ಟು ಪರಿಶೀಲಿಸುತ್ತದೆ. ಗಡ್ಡೆಯ ವಿಷಯದಲ್ಲಿ ಇವುಗಳಲ್ಲಿ ಒಂದನ್ನೇ ಆರಿಸಬೇಕಿಲ್ಲ. ದಾರಿ, ಬೀಜ, ನೆಲ, ಆಕಸ್ಮಿಕ, ಎಲ್ಲ ಕೂಡಿದ ಸಾಮಗ್ರಿಯೇ ಕಾರ್ಯವನ್ನು ಹುಟ್ಟಿಸುತ್ತದೆ. 1965ರಲ್ಲಿ ತತ್ತ್ವಶಾಸ್ತ್ರಜ್ಞ ಜೆ. ಎಲ್. ಮ್ಯಾಕಿ ಹೇಳಿದ್ದೂ ಇದಕ್ಕೆ ಹತ್ತಿರದ್ದೇ: ನಾವು ಕಾರಣವೆಂದು ಬೆರಳಿಡುವುದು ಬಹುಮಟ್ಟಿಗೆ ಒಂದು ಕೂಟದ ಅಂಗವನ್ನು, ಅದೊಂದೇ ಸಾಲದು, ಆ ಕೂಟದಲ್ಲಿ ಅದಿಲ್ಲದೆಯೂ ಆಗದು.

ಕರ್ಮವೆಂಬ ಉತ್ತರ ಈ ವಿವರಣೆಯೊಡನೆ ಪೈಪೋಟಿಗೆ ಇಳಿಯುತ್ತದೆ ಎಂದು ಕರ್ಮವನ್ನು ಒಪ್ಪುವವರೂ ಒಪ್ಪದವರೂ ಭಾವಿಸುವುದುಂಟು. ನ್ಯಾಯದರ್ಶನವನ್ನೇ ಕೇಳಿದರೆ ಆ ಜಗಳ ಉಳಿಯುವುದಿಲ್ಲ. ಅದು ಅದೃಷ್ಟವನ್ನು, ಅಂದರೆ ಪುಣ್ಯಪಾಪಗಳ ಶೇಷವನ್ನು, ಈಶ್ವರ ಮತ್ತು ಕಾಲಗಳ ಜೊತೆ ಎಲ್ಲ ಕಾರ್ಯಗಳಿಗೂ ಸಾಧಾರಣ ಕಾರಣಗಳ ಸಾಲಿಗೆ ಸೇರಿಸುತ್ತದೆ. ಎಲ್ಲ ಕಡೆಯೂ ಇರುವ ಕಾರಣ ಶ್ವಾಸಕೋಶವನ್ನು ಮೂತ್ರಪಿಂಡದಿಂದ ಬೇರ್ಪಡಿಸಲಾರದು. ಅದಕ್ಕೆ ಅಸಾಧಾರಣ ಕಾರಣ ಬೇಕು. ಕರ್ಮವನ್ನು ಒಪ್ಪುವ ನೈಯಾಯಿಕರೂ ಅದಕ್ಕಾಗಿ ಸಿರೆಗಳನ್ನೂ ಗ್ರಾಹಕಗಳನ್ನೂ ನೋಡಲೇಬೇಕಾಗುತ್ತದೆ.