ಹಗೇವಿನ ರಾಗಿ ಮತ್ತು ಶ್ರಾವಕನ ಎಲ್ಲೆ

ಹಗರೆ, ಅರಸೀಕೆರೆಗಳ ರಾಗಿ ಸೀಮೆಯಲ್ಲಿ ಹಿಂದಿನವರು ಒಣಗಿದ ರಾಗಿಯನ್ನು ಹಗೇವಿಗೆ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಹುಳು ಹತ್ತುವುದು ಅಪರೂಪವಾದ್ದರಿಂದ ಅದು ವರ್ಷಗಟ್ಟಲೆ ಕೆಡದು. ಬರಗಾಲದಲ್ಲಿ ಪರರಿಗೆ ಕೈಯೊಡ್ಡುವ ಪ್ರಮೇಯವಿಲ್ಲ. ಅಪರಿಗ್ರಹವನ್ನು ನಂಬಿದ ಶ್ರಾವಕನಿಗೆ ಈ ಸಂಗ್ರಹ ಸಲ್ಲುವುದೇ?

ಸರ್ವತ್ಯಾಗ ಮುನಿಗಳಿಗೆ, ಗೃಹಸ್ಥನಿಗೆ ವಿಧಿಸಿದುದು ಪರಿಗ್ರಹ ಪರಿಮಾಣ. ತತ್ತ್ವಾರ್ಥಸೂತ್ರವು ಅತಿಚಾರವೆಂದು ಎಣಿಸುವುದು ಧಾನ್ಯವನ್ನಲ್ಲ, ಗೊತ್ತುಪಡಿಸಿಕೊಂಡ ಪ್ರಮಾಣದ ಉಲ್ಲಂಘನೆಯನ್ನು. ಮನೆಮಂದಿಗೆ, ಆಳುಕಾಳುಗಳಿಗೆ, ಅತಿಥಿಗಳಿಗೆ ಇಷ್ಟೆಂದು ಮೊದಲೇ ಪಲ್ಲದ ಲೆಕ್ಕ ಬರೆದಿಟ್ಟರೆ ಅದು ಸಿದ್ಧತೆ. ಬೆಲೆಯೇರಲೆಂದು ಕಾದರೆ, ವ್ಯಾಪಾರಿಯಾಗಿ ಹೇಳುತ್ತೇನೆ, ಲೋಭವೇ.

ಹಗೇವನ್ನು ತೆರೆದೊಡನೆ ಇಳಿಯುವಂತಿಲ್ಲ. ಒಳಗಿನ ಕೆಟ್ಟಗಾಳಿ ಪ್ರಾಣಕ್ಕೆ ಎರವಾದೀತು. ಆದ್ದರಿಂದ ಅಂದು ನೆರೆಯವರು ಜೊತೆಗಿರಬೇಕಾಗುತ್ತಿತ್ತು. ಯಾರಲ್ಲಿ ಎಷ್ಟಿದೆಯೆಂಬುದು ಊರಿಗೂ ತಿಳಿಯುತ್ತಿತ್ತು.