ಮಿತವ್ಯಯದ ಮದುವೆ: ಮಿತಿ ಯಾವುದಕ್ಕೆ?

ವಿವಾಹವು ಶ್ರಾವಕಧರ್ಮದ ಹೆಬ್ಬಾಗಿಲು. ಗೃಹಸ್ಥರಿಗೆ ವಿಹಿತವಾದ ಐದು ಅಣುವ್ರತಗಳಲ್ಲಿ ಪರಿಗ್ರಹ ಪರಿಮಾಣವೂ ಒಂದು. ಆದರೆ ಆ ವ್ರತವನ್ನು ನಾವು ಮೊದಲು ಮರೆಯುವ ಸ್ಥಳವೂ ಮದುವೆಯ ಮಂಟಪವೇ ಆಗಿದೆ. ಇದನ್ನರಿತು ನಮ್ಮ ವಿವಾಹವನ್ನು ಯಾದಗಿರಿಯಲ್ಲಿ ಇತ್ತೀಚೆಗೆ ಅತ್ಯಂತ ಸರಳವಾಗಿ ನೆರವೇರಿಸಿದೆವು. ಆ ಸರಳತೆಯೊಳಗೇ ನಡೆದ ಒಂದು ತಪ್ಪನ್ನು ಸಮಾಜಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶ.

ನಮ್ಮ ಮದುವೆಗೆ ಬಂದವರು ಅರವತ್ತು ಜನ. ವಾದ್ಯದ ಅಬ್ಬರವಿರಲಿಲ್ಲ, ಮೆರವಣಿಗೆಯಿರಲಿಲ್ಲ; ಕೊಡುವ ತರುವ ಮಾತನ್ನು ಉಭಯ ಕುಟುಂಬಗಳೂ ಎತ್ತಲಿಲ್ಲ. ಸೂರ್ಯಾಸ್ತಕ್ಕೆ ಮುನ್ನವೇ ಊಟೋಪಚಾರಗಳು ಮುಗಿದವು. ಬಂದವರೆಲ್ಲ ಕೊಂಡಾಡಿದರು. ಆ ಪ್ರಶಂಸೆ ನನಗೆ ಹಿತವೆನಿಸಿತು ಎಂಬುದನ್ನು ಮುಚ್ಚಿಡಲಾರೆ.

ಮಧುಚಂದ್ರವನ್ನೂ ಎರಡೇ ದಿನಕ್ಕೆ ಸೀಮಿತಗೊಳಿಸಿದೆವು. ಬೆಟ್ಟವನ್ನೂ ಕಡಲನ್ನೂ ಅರಸದೆ, ಸೇಡಂ ಮಾರ್ಗವಾಗಿ ಬಸ್ಸಿನಲ್ಲಿ ಮಳಖೇಡಕ್ಕೆ ಹೊರಟೆವು. ಕಾಗಿಣಾ ನದಿಯ ದಂಡೆಯ ಈ ಗ್ರಾಮವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಇಲ್ಲಿಂದ ರಾಜ್ಯವಾಳಿದ ಅಮೋಘವರ್ಷ ನೃಪತುಂಗನಿಗೆ ಜಿನಸೇನಾಚಾರ್ಯರು ಗುರುಗಳು. ಅವರು ಪೂರ್ಣಗೊಳಿಸಲಾಗದೆ ಉಳಿದ ಮಹಾಪುರಾಣವನ್ನು ಶಿಷ್ಯರಾದ ಗುಣಭದ್ರಾಚಾರ್ಯರು ಮುಗಿಸಿದರು. ಇಂದು ಅರಮನೆಯ ವೈಭವ ಅಳಿದಿದೆ. ನೇಮಿನಾಥ ಬಸದಿ ಮಾತ್ರ ಉಳಿದಿದೆ.

ಆ ಬಸದಿಯಲ್ಲಿ ಕೈಮುಗಿದು ನಿಂತಾಗ ಮನಸ್ಸು ತಟಕ್ಕನೆ ಎಚ್ಚೆತ್ತಿತು. ಹೊಸದಾಗಿ ಮದುವೆಯಾದ ನಾವು ಬಂದು ನಿಂತದ್ದು ಮದುವೆಯ ದಿಬ್ಬಣದಿಂದಲೇ ಹಿಂದಿರುಗಿದ ತೀರ್ಥಂಕರರ ಸನ್ನಿಧಿಗೆ! ರಾಜೀಮತಿಯ ಕೈಹಿಡಿಯಲು ಹೊರಟಿದ್ದ ನೇಮಿಕುಮಾರರು ದಾರಿಯಲ್ಲಿ ಕಟ್ಟಿಹಾಕಿದ್ದ ಮೂಕಪ್ರಾಣಿಗಳ ಆಕ್ರಂದನವನ್ನು ಕೇಳಿದರು. ಅವು ತಮ್ಮ ವಿವಾಹದ ಔತಣಕ್ಕಾಗಿ ಎಂದು ತಿಳಿದೊಡನೆ ರಥವನ್ನು ತಿರುಗಿಸಿ, ಗಿರಿನಾರಿನಲ್ಲಿ ದೀಕ್ಷೆ ತಳೆದರು. ರಾಜೀಮತಿಯೂ ಅದೇ ಮಾರ್ಗವನ್ನು ಹಿಡಿದಳು.

ಈ ಕಥೆಯನ್ನು ಬಾಲ್ಯದಿಂದ ಕೇಳಿದ್ದೆ. ಅಂದು ಮಾತ್ರ ಒಂದು ಅಂಶ ಹೊಸದಾಗಿ ಹೊಳೆಯಿತು. ನೇಮಿಕುಮಾರರು ಮದುವೆಯ ಖರ್ಚೆಷ್ಟು, ಜನರೆಷ್ಟು ಎಂದು ಕೇಳಲಿಲ್ಲ. ಈ ಸಂಭ್ರಮಕ್ಕಾಗಿ ನೋಯುತ್ತಿರುವವರು ಯಾರು ಎಂದು ಕೇಳಿದರು. ನಾವು ಲೆಕ್ಕ ಹಾಕಿದ್ದು ಮೊದಲನೆಯದನ್ನು ಮಾತ್ರ.

ನಾನು ಧಾರೆಗೆ ಉಟ್ಟದ್ದು ರೇಷ್ಮೆಯ ಸೀರೆ. ಸಾವಿರಾರು ಗೂಡುಗಳನ್ನು ಒಳಗಿನ ಜೀವಸಹಿತ ಬೇಯಿಸದೆ ಅಂತಹ ಸೀರೆಯಾಗದು. ಆ ಜೀವಗಳ ಕೂಗು ಯಾವ ದಿಬ್ಬಣಕ್ಕೂ ಕೇಳಿಸದು. ನಾನು ಮೌನವಾಗಿದ್ದುದನ್ನು ಕಂಡು ಪತಿ ಕಾರಣ ಕೇಳಿದರು. ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಶಹಾಪುರದ ಅತ್ತಿಯವರನ್ನೂ ನಾವು ಬಿಟ್ಟೆವಲ್ಲ" ಎಂದರು.

ಆ ಅತ್ತೆ ನಮ್ಮ ತಂದೆಯವರ ದೊಡ್ಡಪ್ಪನ ಮಗಳು, ವಿಧವೆ. ಮನೆತನದ ಯಾವ ಮದುವೆಯೇ ಇರಲಿ, ತಿಂಗಳ ಮೊದಲೇ ಬಂದು ಶ್ಯಾವಿಗೆ, ಹಪ್ಪಳ, ಸಂಡಿಗೆಗಳಿಗೆ ಕೈಹಚ್ಚುತ್ತಿದ್ದವರು. ಅರವತ್ತು ಜನರ ಪಟ್ಟಿಯಲ್ಲಿ ಅವರ ಹೆಸರು ಬಿಟ್ಟುಹೋದುದು ಹೇಗೆ? ಯಾರಿಗೆ ಮುಯ್ಯಿ ತೀರಿಸಬೇಕೋ ಅವರನ್ನು ಮೊದಲು ಬರೆದೆವು. ವ್ಯಾಪಾರದಲ್ಲಿ ಬೇಕಾದವರನ್ನು ಅನಂತರ ಬರೆದೆವು. ಮುಯ್ಯಿ ಮಾಡಲಾರದವರಿಗೆ, ಕರೆಯದಿದ್ದರೂ ಜಗಳವಾಡದವರಿಗೆ ಸ್ಥಳ ಸಾಲದಾಯಿತು. ಸೀರೆ ಉಳಿಯಿತು, ಅತ್ತೆ ಹೋದರು.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ವಸ್ತುಗಳ ಎಣಿಕೆಯಿಂದ ಗುರುತಿಸದೆ ಮೂರ್ಛೆಯಿಂದ, ಅಂದರೆ ಒಳಗಿನ ಮೋಹದಿಂದ ಗುರುತಿಸಿದ್ದಾರೆ. ಆದುದರಿಂದ ಮದುವೆ ಸಣ್ಣದಾದ ಮಾತ್ರಕ್ಕೆ ಪರಿಗ್ರಹ ಸಣ್ಣದಾಗುವುದಿಲ್ಲ. ನನ್ನ ಭೋಗಕ್ಕೆ ನಾನು ಮಿತಿ ಹಾಕಿಕೊಂಡರೆ ಅದು ವ್ರತ; ಇನ್ನೊಬ್ಬರಿಗೆ ಸಲ್ಲಬೇಕಾದ ಆದರಕ್ಕೆ ಮಿತಿ ಹಾಕಿದರೆ ಅದು ಲೋಭ. ಹೊರಗಿನಿಂದ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ. ಗೃಹಸ್ಥರಿಗೆ ಪರಿಗ್ರಹ ಪರಿಮಾಣವನ್ನು ವಿಧಿಸಿದ ಶಾಸ್ತ್ರವೇ ಅತಿಥಿ ಸಂವಿಭಾಗವನ್ನೂ ವಿಧಿಸಿದೆಯೆಂಬುದನ್ನು ನಾವು ಮರೆಯಬಾರದು.

ಹಾಗಾದರೆ ಎಲ್ಲರನ್ನೂ ಕರೆದು ಮತ್ತೆ ಆಡಂಬರಕ್ಕೆ ಇಳಿಯಬೇಕೆ ಎಂದು ಕೆಲವರು ಕೇಳಬಹುದು. ಹಾಗಲ್ಲ. ಧರ್ಮಸ್ಥಳದಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು 1972ರಲ್ಲಿ ಆರಂಭಿಸಿದ ಸಾಮೂಹಿಕ ವಿವಾಹಗಳನ್ನು ನೋಡಿ. ಅಲ್ಲಿ ವಧೂವರರ ಕಡೆಯವರಿಗೆ ಖರ್ಚಿನ ಹೊರೆಯಿಲ್ಲ. ಆದರೆ ಬಾಗಿಲು ವಿಶಾಲವಾಗಿದೆ. ವೆಚ್ಚವನ್ನು ಕಡಿಮೆ ಮಾಡಲು ಬಂಧುಗಳನ್ನು ಕಡಿಮೆ ಮಾಡಲೇಬೇಕೆಂಬ ನಿಯಮವಿಲ್ಲ. ಕತ್ತರಿಸುವುದಕ್ಕೂ ಒಂದು ಕ್ರಮವಿದೆ: ಮೊದಲು ಉಡುಗೆ, ಅಲಂಕಾರ, ಭಕ್ಷ್ಯಗಳ ಸಂಖ್ಯೆ, ಕಟ್ಟಕಡೆಗೆ ಮನುಷ್ಯರು. ನನ್ನ ಆ ಒಂದು ಸೀರೆಯ ಬೆಲೆಯಲ್ಲಿ ಇನ್ನೂ ಅನೇಕರಿಗೆ ಅನ್ನ, ಸಾರು, ಹುಗ್ಗಿಗಳನ್ನು ಬಡಿಸಬಹುದಿತ್ತು.

ಮರುದಿನ ಯಾದಗಿರಿಗೆ ಮರಳಿ, ಮನೆಗೆ ಹೋಗದೆ ನೇರವಾಗಿ ಶಹಾಪುರದ ಬಸ್ಸು ಹತ್ತಿದೆವು. ಹೊತ್ತು ಮುಳುಗಲು ಇನ್ನೂ ಸಮಯವಿತ್ತು. ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ ಅತ್ತೆ ನಮ್ಮಿಬ್ಬರನ್ನೂ ಮಣೆಯ ಮೇಲೆ ಕೂಡಿಸಿ, ಬೇಗಬೇಗನೆ ರೊಟ್ಟಿ ಬಡಿದು ಬಡಿಸಿದರು. ಕಡೆಗೆ ಅವರೇ ಅಂದರು: "ಲಗ್ನ ಸಣ್ಣದು ಮಾಡಿದ್ರಿ, ಛಲೋ ಆತು. ನನಗ ಉಣ್ಣಾಕ ಬೇಕಿರಲಿಲ್ಲವ್ವಾ. ಶ್ಯಾವಿಗಿ ಮಾಡಾಕ ಕರೀತೀರಿ ಅಂತ ಹಾದಿ ನೋಡಿದೆ."

ನಾವು ಅವರಿಂದ ಕಸಿದದ್ದು ಒಂದು ಹೊತ್ತಿನ ಊಟವನ್ನಲ್ಲ, ಕೊಡುವ ಅವಕಾಶವನ್ನು ಎಂಬುದು ಆಗ ತಿಳಿಯಿತು. ಅದನ್ನು ಹಿಂದಿರುಗಿಸುವ ಮಾರ್ಗ ನನಗಿನ್ನೂ ಕಂಡಿಲ್ಲ. ಆ ಸೀರೆಯನ್ನು ಮತ್ತೆ ಉಡುವುದಿಲ್ಲವೆಂದು ನಿಯಮ ಮಾಡಿಕೊಂಡಿದ್ದೇನೆ. ಅದು ಪ್ರಾಯಶ್ಚಿತ್ತದ ಆರಂಭ ಮಾತ್ರ.

ಸರಳ ವಿವಾಹಗಳಿಗೆ ಬಸದಿಯ ಸಭಾಮಂದಿರವನ್ನು ಒದಗಿಸುವ ಆಡಳಿತ ಮಂಡಳಿಗಳಲ್ಲಿ ಒಂದು ವಿನಂತಿ. ದಿನ ಗೊತ್ತುಮಾಡಲು ಬಂದ ಕುಟುಂಬದವರನ್ನು ಎಷ್ಟು ಜನ ಬರುವರೆಂದು ಹೇಗೂ ಕೇಳುವಿರಿ. ಅದರೊಡನೆ, ಮುಯ್ಯಿ ಮಾಡಲಾರದ ಬಂಧುಗಳನ್ನು ಕರೆದಿರುವಿರಾ ಎಂದೂ ಕೇಳಿರಿ. ನಮ್ಮನ್ನು ಯಾರಾದರೂ ಹಾಗೆ ಕೇಳಿದ್ದರೆ ಆ ಪಟ್ಟಿಯನ್ನು ನಾವು ತಿದ್ದುತ್ತಿದ್ದೆವು.